ಹಸು ಗಬ್ಬ ನಿಂತಿದೆಯಾ? 21ನೇ ದಿನಕ್ಕೇ ತಿಳಿಯುವುದು ಹೇಗೆ: ನನ್ನ ಅನುಭವ

ನಮ್ಮ ಮಾಲೂರು ಕಡೆ ಹಸು ಕಟ್ಟಿದವರಿಗೆಲ್ಲ ಈ ಸಂಕಟ ಗೊತ್ತು. ಸೆಮೆನ್ ಹಾಕಿಸಿ, "ನಿಂತಿರುತ್ತೆ ಬಿಡು" ಅಂತ ಸುಮ್ನಿರುತ್ತೇವೆ. ಮೂರು ತಿಂಗಳಾದ ಮೇಲೆ ಡಾಕ್ಟರ್ ಕೈ ಹಾಕಿ ನೋಡಿ "ಖಾಲಿ" ಅನ್ನುತ್ತಾರೆ. ಹಾಲು ಇಳಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುವಿಗೂ ಬೂಸಾ, ಹಿಂಡಿ, ಜೋಳದ ಮೇವು ಅಂತ ದಿನಕ್ಕೆ 200 ರೂಪಾಯಿ ಆಗೇ ಆಗುತ್ತದೆ. ಮೂರು ತಿಂಗಳಿಗೆ ಹದಿನೆಂಟು ಸಾವಿರ ಹೋಯಿತು. ಸರ್ಕಾರ ಹಾಲಿಗೆ ಕೊಡುವ ಪ್ರೋತ್ಸಾಹಧನ ಇದರ ಮುಂದೆ ಯಾವ ಲೆಕ್ಕ?

ಈಗ ನನ್ನ ಕೊಟ್ಟಿಗೆಯ ಖಾಲಿ ಹಸುಗಳಲ್ಲಿ ಹೆಚ್ಚಿನವು ಮೂರು ವಾರಕ್ಕೇ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಂಡವು ಇನ್ನು ಮೂರು ವಾರಕ್ಕೆ.

ಗಬ್ಬದ ಗುರುತು ಹುಡುಕುವುದನ್ನೇ ನಾನು ಬಿಟ್ಟಿದ್ದೇನೆ. ಮೈ ಮಿಂಚುತ್ತೆ, ಹಸು ಸಾಧುವಾಗುತ್ತೆ ಅನ್ನುತ್ತಾರೆ. ಖನಿಜ ಮಿಶ್ರಣ ಸರಿಯಾಗಿ ತಿಂದ ಖಾಲಿ ಹಸುವೂ ಮಿಂಚುತ್ತೆ. ಹೊಟ್ಟೆ ಕಾಣುವ ಹೊತ್ತಿಗೆ ಐದಾರು ತಿಂಗಳು ದಾಟಿರುತ್ತದೆ. ಗಬ್ಬ ನಿಲ್ಲದ ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಹಸು ಮತ್ತೆ ಬೆದೆಗೆ ಬಂತಾ, ಅದೊಂದನ್ನೇ ನೋಡುತ್ತೇನೆ.

ಅದು ಯಾರಿಗೆ ಗೊತ್ತಿಲ್ಲ ಅಂತೀರಾ? ಗೊತ್ತು, ಆದರೆ ನೋಡುವ ಹೊತ್ತು ಸರಿಯಿಲ್ಲ. ಬೆದೆ ಇರುವುದೇ ಹನ್ನೆರಡರಿಂದ ಹದಿನೆಂಟು ಗಂಟೆ. ಏಪ್ರಿಲ್, ಮೇ ಬಿಸಿಲಲ್ಲಿ ಎಚ್‌ಎಫ್ ಹಗಲು ಏನೂ ತೋರಿಸುವುದಿಲ್ಲ, ಎಲ್ಲ ರಾತ್ರಿಯೇ. ಅದೂ ಅಲ್ಲದೆ ಬೆದೆ ಹಸು ಬೇರೆ ಹಸುವಿನ ಮೇಲೆ ಹಾರುತ್ತೆ ಅನ್ನುತ್ತಾರೆ, ಕಟ್ಟಿಹಾಕಿದ ಹಸು ಯಾರ ಮೇಲೆ ಹಾರಬೇಕು? ಬಾಲದ ಬುಡಕ್ಕೆ ಬಣ್ಣ ಬಳಿಯಿರಿ, ಬೇರೆ ಹಸು ಹಾರಿದರೆ ಉಜ್ಜಿಹೋಗುತ್ತೆ ಅಂದರು. ಬಳಿದೆ. ಹಗ್ಗದಲ್ಲಿರುವ ಹಸುವಿನ ಮೇಲೆ ಬಣ್ಣ ವಾರಗಟ್ಟಲೆ ಹಾಗೇ ಇತ್ತು. ಪೇಂಟಿನ ದುಡ್ಡು ದಂಡ.

ಸೆಮೆನ್ ಹಾಕಿಸಿದ 18ನೇ ದಿನದಿಂದ 24ರವರೆಗೆ, ಆಮೇಲೆ 38ರಿಂದ 44ರವರೆಗೆ, ಬೆಳಗಿನ ಜಾವ ಸಗಣಿ ಬಾಚುವ ಮೊದಲೇ ಟಾರ್ಚ್ ಹಿಡಿದು ಹೋಗುತ್ತೇನೆ. ಬಾಚಿದರೆ ಸಾಕ್ಷಿಯೇ ಹೋಯಿತು. ಮಲಗಿದ ಹಸುವನ್ನು ಎಬ್ಬಿಸಿ ಹಿಂಭಾಗದ ಮ್ಯಾಟ್ ಮೇಲೆ ಬೆಳಕನ್ನು ಅಡ್ಡಕ್ಕೆ ಬಿಡಬೇಕು. ಬೆದೆಗೆ ಬಂದ ಹಸು ಹಿಂದಿನಿಂದ ಬಿಡುವ ಲೋಳೆ ಕಪ್ಪು ರಬ್ಬರಿನ ಮೇಲೆ ಗಾಜಿನ ದಾರದ ಹಾಗೆ ಹೊಳೆಯುತ್ತದೆ. ಮ್ಯಾಟ್ ಮೇಲೆ ಇಲ್ಲದಿದ್ದರೆ ಬಾಲದ ಕೂದಲನ್ನು ಬೆರಳಲ್ಲಿ ಬಿಡಿಸಿ. ಒಣಗಿದ ಲೋಳೆ ಇದ್ದರೆ ನಾಲ್ಕೈದು ಕೂದಲು ಅಂಟಿಕೊಂಡು ಗರಗರ ಅನ್ನುತ್ತವೆ. ಅನುಮಾನ ಬಂದರೆ ಆ ಹಸುವನ್ನೂ ಇನ್ನೊಂದನ್ನೂ ಅರ್ಧ ಗಂಟೆ ಅಂಗಳದಲ್ಲಿ ಬಿಚ್ಚಿಬಿಟ್ಟು ಹಾರುತ್ತವಾ ನೋಡುತ್ತೇನೆ. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಇನ್ನೊಂದು ಸಲ. ಅನುಮಾನದ ಹಸುವಿನ ಜೊತೆಗೆ ಯಾವ ಹಸು ಬಿಡಬೇಕು ಅನ್ನುವುದರಲ್ಲೇ ಅರ್ಧ ಕಸುಬಿದೆ. ಅದನ್ನು ಇಲ್ಲಿ ಬರೆಯಲ್ಲ.

"ಬಿಚ್ಚಿಬಿಟ್ಟರೆ ಕಾಲು ಮುರಿದುಕೊಳ್ಳುತ್ತವೆ, ಹಾಲು ಇಳಿಯುತ್ತೆ" ಅಂತ ಡೇರಿ ಹತ್ತಿರ ನಕ್ಕವರು ಎಷ್ಟೋ ಜನ. ಈಗ ಅವರಲ್ಲೇ ಇಬ್ಬರು ಟಾರ್ಚ್ ಕೊಂಡಿದ್ದಾರೆ.

ಲೋಳೆ ಇಲ್ಲ, ಹಾರಾಟ ಇಲ್ಲ, ಎರಡು ಸುತ್ತೂ ಹಾಗೇ ದಾಟಿತು ಅಂದರೆ ನನ್ನ ಮಟ್ಟಿಗೆ ಗಬ್ಬ ನಿಂತ ಹಾಗೆ. ಆದರೂ ಎರಡು ತಿಂಗಳು ತುಂಬಿದ ಮೇಲೆ ಡಾಕ್ಟರಿಗೆ ತೋರಿಸದೆ ಬಿಡಲ್ಲ. ಇನ್ನೊಂದು ಎಚ್ಚರ, ಗಬ್ಬದ ಹಸುಗಳಲ್ಲೂ ಅಪರೂಪಕ್ಕೆ ಒಂದೊಂದು ಬೆದೆ ತೋರಿಸುತ್ತದೆ. ಅವಸರಕ್ಕೆ ಮತ್ತೆ ಸೆಮೆನ್ ಹಾಕಿಸಿದರೆ ಕಂದು ಹಾಕಬಹುದು, ಅಂದರೆ ಗರ್ಭಪಾತ ಆಗಬಹುದು.

ಸೆಮೆನ್ ಹಾಕಿಸಿದ ದಿನ, ಬೆದೆಯ ದಿನ ಎಲ್ಲ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರಿಂದ ಇನ್ನೊಂದು ವಿಷಯ ಹೊರಬಿತ್ತು. ಕೆಲವು ಹಸು 21ಕ್ಕೂ ಬರದೆ 42ಕ್ಕೂ ಕಾಯದೆ 30-35ರ ನಡುವೆ ಬೆದೆಗೆ ಬರುತ್ತಿದ್ದವು, ಬೇಸಿಗೆಯಲ್ಲಿ ಜಾಸ್ತಿ. ಡಾಕ್ಟರಿಗೆ ತೋರಿಸಿದರೆ, "ನಿಂತಿತ್ತು, ಒಳಗೇ ಕರಗಿದೆ" ಅಂದರು. ಸೆಮೆನ್ ಹಾಕುವವರನ್ನು ಬೈಯುವುದು ಬಿಟ್ಟು, ಕೊಟ್ಟಿಗೆಯ ಸೆಕೆ ತಗ್ಗಿಸಲು ಫ್ಯಾನಿಗೂ ನೀರು ಚಿಮುಕಿಸುವ ಪೈಪಿಗೂ ಏಳೆಂಟು ಸಾವಿರ ಹಾಕಿದೆ. ಆಮೇಲೆ ಇಂಥವು ಕಡಿಮೆಯಾದವು.

ನಡುವೆ ಗೋಧಿ ಆಟವನ್ನೂ ಆಡಿದೆ. ಪುಣ್ಯಕೋಟಿ ಪರೀಕ್ಷೆ ಅನ್ನುತ್ತಾರಲ್ಲ, ಅದು. ಗಂಜಲಕ್ಕೆ ಚೆನ್ನಾಗಿ ನೀರು ಬೆರೆಸಿ ಗೋಧಿ ಕಾಳು ನೆನೆಹಾಕುವುದು. ಹಳೆಯ ಈಜಿಪ್ಟಿನಲ್ಲಿ ಹೆಂಗಸರಿಗೆ ಮಾಡುತ್ತಿದ್ದರಂತೆ, ಅಲ್ಲಿ ಕಾಳು ಮೊಳೆತರೆ ಬಸುರಿ. ಹಸುವಿಗೆ ಉಲ್ಟಾ, ಗಬ್ಬ ಇದ್ದರೆ ಮೊಳಕೆ ಕಮ್ಮಿ. ಐದು ದಿನ ಬಿಟ್ಟು ನೋಡಿದರೆ ಕೆಲವು ಸರಿ, ಕೆಲವು ತಪ್ಪು. ರೇಷನ್ ಗೋಧಿಯಂತೂ ಬರೀ ನೀರಲ್ಲೂ ಅರ್ಧಕ್ಕರ್ಧ ಮೊಳೆಯಲಿಲ್ಲ. ಮನೆಯವಳು ಡಬ್ಬಿಗಳನ್ನೆಲ್ಲ ತಿಪ್ಪೆಗೆ ಎಸೆದಳು. ವಾಸನೆ ಹಾಗಿತ್ತು.

ಎಮ್ಮೆ ಇರುವವರು ನನ್ನ ಟಾರ್ಚ್ ವಿಧಾನವನ್ನು ನಂಬಿ ಕೂರಬೇಡಿ. ಬೇಸಿಗೆಯಲ್ಲಿ ಎಮ್ಮೆಯದು ಹೆಚ್ಚಾಗಿ ಮೂಕ ಬೆದೆ, ಲೋಳೆಯೂ ಕಾಣದು, ಕೂಗೂ ಕೇಳದು. ಹತ್ತಿರದಲ್ಲಿ ಸ್ಕ್ಯಾನಿಂಗ್ ಇದ್ದರೆ ತಿಂಗಳಿಗೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಎರಡು ತಿಂಗಳು ಕಾದು ಕೈ ಹಾಕಿಸಿ ನೋಡಿಸಿ.