ಎತ್ತರ ಕಡಿಮೆ ಇರುವ ಸವಾರರಿಗಾಗಿ ಸ್ಪೋರ್ಟ್ಸ್ ಬೈಕನ್ನು ತಗ್ಗಿಸುವ ಬಗೆ

ಯಮಹಾ ಆರ್15 ವಿ4 ಬೈಕಿನ ಸೀಟು ನೆಲದಿಂದ 815 ಮಿ.ಮೀ. ಎತ್ತರದಲ್ಲಿದೆ. ಟಿವಿಎಸ್ ಅಪಾಚೆ ಆರ್‌ಆರ್ 310 ಮತ್ತು ಬಜಾಜ್ ಪಲ್ಸರ್ ಆರ್‌ಎಸ್ 200 ಎರಡರದೂ 810, ಸುಜುಕಿ ಜಿಕ್ಸರ್ ಎಸ್‌ಎಫ್ 250ರದು 800 ಮಿ.ಮೀ. ಐದಡಿ ಎರಡಿಂಚು ಎತ್ತರದವರು ಇವುಗಳ ಮೇಲೆ ಕೂತಾಗ ಸಾಮಾನ್ಯವಾಗಿ ಕಾಲ್ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತದೆ. ಓಡುವಾಗ ಇದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ನಿಲ್ಲುವಾಗ. ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲಿ ಬಸ್ಸು ಆಟೊಗಳ ನಡುವೆ ತಟ್ಟನೆ ಬ್ರೇಕ್ ಹಿಡಿಯಬೇಕಾದಾಗ, ಧಾರವಾಡದ ಏರುದಾರಿಯಲ್ಲಿ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹಿಡಿದು ನಿಲ್ಲಿಸಬೇಕಾದಾಗ ಕಾಲು ಗಟ್ಟಿಯಾಗಿ ಊರಲು ಆಗದಿದ್ದರೆ ಸವಾರರ ಧೈರ್ಯವೇ ಕುಗ್ಗುತ್ತದೆ. ಹೀಗಾಗಿ ಗಾಡಿಯನ್ನು ತಗ್ಗಿಸಿಕೊಳ್ಳುವ ಆಸೆ ಸಹಜವಾದದ್ದು, ನ್ಯಾಯವಾದದ್ದು. ಆದರೆ ತಗ್ಗಿಸಿದ ಪ್ರತಿ ಮಿಲಿಮೀಟರೂ ಗಾಡಿಯ ಬೇರೊಂದು ಗುಣವನ್ನು ಅಷ್ಟಷ್ಟು ಕಡಿಮೆ ಮಾಡುತ್ತದೆ. ಆದ್ದರಿಂದ ಅಗತ್ಯವಿದ್ದಷ್ಟು ಮಾತ್ರ, ಅದೂ ಸುಲಭವಾದ ಉಪಾಯದಿಂದ ಆರಂಭಿಸಿ, ಒಂದೊಂದೇ ಹಂತವಾಗಿ ತಗ್ಗಿಸಬೇಕು.

ಅಗತ್ಯವೆಂದರೆ ಎಷ್ಟು? ಎರಡೂ ಪಾದಗಳು ಹಿಮ್ಮಡಿಸಹಿತ ನೆಲಕ್ಕೆ ಕೂರಬೇಕೆಂದು ಹಲವರು ಬಯಸುತ್ತಾರೆ. ಸ್ಪೋರ್ಟ್ಸ್ ಬೈಕಿಗೆ ಅದು ಬೇಕಿಲ್ಲ. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ಊರಿದರೆ ಸಾಕು, ಅಥವಾ ಸೊಂಟವನ್ನು ತುಸು ಪಕ್ಕಕ್ಕೆ ಸರಿಸಿದಾಗ ಒಂದು ಪಾದ ಪೂರ್ತಿ ನೆಲಕ್ಕೆ ಕೂತರೂ ಸಾಕು. ನೀವು ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು, ಸಮತಟ್ಟಾದ ನೆಲದಲ್ಲಿ ಗಾಡಿಯ ಮೇಲೆ ಕೂತು, ಹಿಮ್ಮಡಿಗೂ ನೆಲಕ್ಕೂ ನಡುವೆ ಎಷ್ಟು ಅಂತರ ಉಳಿಯುತ್ತದೆಂದು ಇನ್ನೊಬ್ಬರಿಂದ ಅಳತೆ ಮಾಡಿಸಿ. ಆ ಅಂತರ 40 ಮಿ.ಮೀ. ಇದ್ದರೆ ನಿಮಗೆ ಬೇಕಾಗಿರುವುದು ಬಹುಶಃ 15ರಿಂದ 20 ಮಿ.ಮೀ. ಮಾತ್ರ. ಸೀಟಿನ ಎತ್ತರದ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಬಾರದು, ಏಕೆಂದರೆ ಅಗಲವಾದ ಸೀಟು ತೊಡೆಗಳನ್ನು ಹೊರಕ್ಕೆ ತಳ್ಳುವುದರಿಂದ 800 ಮಿ.ಮೀ. ಎತ್ತರದ ಅಗಲ ಸೀಟಿಗಿಂತ 815 ಮಿ.ಮೀ. ಎತ್ತರದ ಕಿರಿದಾದ ಸೀಟಿನಲ್ಲಿ ಕಾಲು ಹೆಚ್ಚು ಚೆನ್ನಾಗಿ ಸಿಗುವುದುಂಟು.

ಮೊದಲ ಹಂತಕ್ಕೆ ಖರ್ಚೇ ಇಲ್ಲ. ಕಾರ್ಖಾನೆಯಿಂದ ಬರುವ ಹಿಂದಿನ ಸ್ಪ್ರಿಂಗಿನ ಬಿಗಿತವು ಸಾಧಾರಣ ತೂಕದ ಸವಾರನನ್ನೂ ಆಗಾಗ ಹಿಂದೆ ಕೂರುವವರನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ. ಎತ್ತರ ಕಡಿಮೆ ಇರುವವರ ತೂಕವೂ ಹಲವು ಸಲ ಕಡಿಮೆ ಇರುವುದರಿಂದ ಗಾಡಿ ಅವರ ಭಾರಕ್ಕೆ ತಗ್ಗಬೇಕಾದಷ್ಟು ತಗ್ಗುವುದೇ ಇಲ್ಲ. ಇದನ್ನು ಅಳೆಯುವುದು ಹೀಗೆ: ಹಿಂದಿನ ಚಕ್ರದ ಆಕ್ಸಲ್ಲಿನಿಂದ ನೇರ ಮೇಲಕ್ಕೆ ಸೀಟಿನ ಬದಿಯ ಫೈಬರಿನ ಮೇಲೆ ಒಂದು ಟೇಪಿನ ಗುರುತು ಹಚ್ಚಿ. ಚಕ್ರ ನೆಲ ಬಿಟ್ಟು ಪೂರ್ತಿ ಇಳಿಬಿದ್ದಾಗ ಒಂದು ಅಳತೆ, ಗಾಡಿ ತನ್ನದೇ ಭಾರದಲ್ಲಿ ನಿಂತಾಗ ಎರಡನೆಯದು, ನೀವು ಹೆಲ್ಮೆಟ್ ಜಾಕೆಟ್ ಸಮೇತ ಎರಡೂ ಕಾಲು ಫುಟ್‌ರೆಸ್ಟಿನ ಮೇಲಿಟ್ಟು ಕೂತಾಗ ಮೂರನೆಯದು. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ 30ರಿಂದ 35 ಮಿ.ಮೀ. ಇರಬೇಕು, ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ 5ರಿಂದ 15 ಮಿ.ಮೀ. ಇದ್ದರೆ ಸರಿ. ಸವಾರರು ಕೂತಾಗಲೂ 20 ಮಿ.ಮೀ. ಮಾತ್ರ ತಗ್ಗುತ್ತಿದ್ದರೆ, ಶಾಕ್ ಅಬ್ಸಾರ್ಬರಿನ ಪ್ರಿಲೋಡ್ ರಿಂಗನ್ನು (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕೆಂದು ಹೊಂದಿಸುವ ಬಳೆ) ಕೊಕ್ಕೆಯಂತಿರುವ ಸಿ-ಸ್ಪ್ಯಾನರಿನಿಂದ ಒಂದೆರಡು ಹಲ್ಲು ಸಡಿಲಿಸಿದರೆ ಸೀಟು ಹತ್ತು ಮಿ.ಮೀ.ಗೂ ಹೆಚ್ಚು ತಗ್ಗಬಹುದು, ಜೊತೆಗೆ ಗಾಡಿಯ ಓಟವೂ ಮೊದಲಿಗಿಂತ ಮೃದುವಾಗುತ್ತದೆ. ಗಾಡಿ ತನ್ನ ಭಾರಕ್ಕೇ 20 ಮಿ.ಮೀ.ಗಿಂತ ಹೆಚ್ಚು ಕುಸಿಯುವಷ್ಟು ಮಾತ್ರ ಸಡಿಲಿಸಬೇಡಿ. ಆಗ ಪ್ರತಿ ಹೊಂಡದಲ್ಲೂ ಶಾಕ್ ತಳ ಬಡಿಯುತ್ತದೆ. ಕೆಲವು ಗಾಡಿಗಳಲ್ಲಿ ಈ ರಿಂಗು ಇರುವುದೇ ಇಲ್ಲ. ಅಂಥವರು ನೇರವಾಗಿ ಮುಂದಿನ ಹಂತಕ್ಕೆ ಹೋಗಬೇಕು.

ಮುಂದಿನದು ಸೀಟು. ಕುಶನ್ ಕೆಲಸ ಬಲ್ಲವರಿಂದ ಸೀಟಿನ ಮುಂಭಾಗದ ಎರಡೂ ಅಂಚುಗಳನ್ನು ಕಿರಿದಾಗಿಸಿ, ಫೋಮನ್ನು 15 ಮಿ.ಮೀ.ವರೆಗೆ ತೆಗೆಸಬಹುದು. ಅಂಚು ಕಿರಿದಾಗಿಸುವುದರಿಂದ ಆಗುವ ಲಾಭವೇ ಹೆಚ್ಚೆಂದು ನನ್ನ ಅಭಿಪ್ರಾಯ, ಏಕೆಂದರೆ ಸ್ಪೋರ್ಟ್ಸ್ ಬೈಕಿನ ಫೋಮು ಮೊದಲೇ ತೆಳುವಾಗಿರುತ್ತದೆ. ಅದನ್ನು ಇನ್ನೂ ತೆಳುಗೊಳಿಸಿದರೆ ಹುಬ್ಬಳ್ಳಿಯಿಂದ ಗದಗ ಮುಟ್ಟುವುದರೊಳಗೆ ಬೆನ್ನು ಹಿಡಿದುಕೊಳ್ಳುತ್ತದೆ. ಈ ಎರಡೂ ಹಂತಗಳಾದ ಮೇಲೆ ಒಂದಷ್ಟು ದಿನ ಓಡಿಸಿ ನೋಡಿ. ನಿಲ್ಲುವ ಜಾಗವನ್ನು ಆರಿಸಿಕೊಳ್ಳುವುದನ್ನೂ ರೂಢಿಸಿಕೊಳ್ಳಿ: ಮಳೆನೀರು ಹರಿದು ಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುವುದರಿಂದ, ತೀರ ಎಡಕ್ಕೆ ನಿಂತು ಎಡಗಾಲು ಚಾಚಿದರೆ ನೆಲ ಇನ್ನಷ್ಟು ಕೆಳಗೆ ಸಿಗುತ್ತದೆ. ಬಹಳಷ್ಟು ಸವಾರರಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಇನ್ನೂ ತಗ್ಗಬೇಕೆನ್ನುವವರು ಸಸ್ಪೆನ್ಷನ್ನಿಗೆ ಕೈ ಹಾಕಬೇಕು. ಹಿಂದಿನ ಶಾಕ್, ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳಾದ ಸ್ವಿಂಗ್ ಆರ್ಮಿಗೆ ಲಿಂಕುಗಳೆಂಬ ಸಣ್ಣ ಜೋಡುಪಟ್ಟಿಗಳ ಮೂಲಕ ಸೇರಿದೆಯೋ ನೇರವಾಗಿ ಸೇರಿದೆಯೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಆರ್15 ಲಿಂಕ್ ಇರುವ ಗಾಡಿ. ಕೆಟಿಎಂ ಆರ್‌ಸಿ ಸರಣಿಯಲ್ಲಿ ಶಾಕ್ ನೇರವಾಗಿ ಸೇರುತ್ತದೆ. ಲಿಂಕ್ ಇದ್ದರೆ ಅದರ ಬದಲಿಗೆ ಅಳತೆ ಬದಲಾಯಿಸಿದ ಲಿಂಕ್ ಜೋಡಿಯನ್ನು ಹಾಕಿ ತಗ್ಗಿಸಬಹುದು. ಹೆಚ್ಚಿನ ವಿನ್ಯಾಸಗಳಲ್ಲಿ ಉದ್ದನೆಯ ಲಿಂಕ್ ಹಾಕಿದರೆ ಗಾಡಿ ತಗ್ಗುತ್ತದೆ, ಕೆಲವದರಲ್ಲಿ ಗಿಡ್ಡನೆಯದು. ಲಿಂಕಿನಲ್ಲಿ ಮಾಡಿದ ಕೆಲವೇ ಮಿಲಿಮೀಟರುಗಳ ವ್ಯತ್ಯಾಸ ಚಕ್ರದಲ್ಲಿ ಅದಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಮಾದರಿಗೆಂದೇ ಮಾಡಿದ ಲಿಂಕನ್ನೇ ತರಿಸಿ. ಲೇತ್ ಅಂಗಡಿಯಲ್ಲಿ ಸಿಕ್ಕ ಪಟ್ಟಿಗೆ ತೂತು ಕೊರೆಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎರಡು ಲಿಂಕುಗಳ ತೂತುಗಳ ನಡುವಿನ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬೇರಿಂಗು ಓರೆಯಾಗಿ ತಿರುಚಿಕೊಳ್ಳುತ್ತದೆ, ಮತ್ತು ಸವಾರರ ಇಡೀ ಭಾರ ಆ ಎರಡು ತುಂಡುಗಳ ಮೇಲೆ ನಿಂತಿರುತ್ತದೆ.

ಲಿಂಕ್ ಬದಲಿಸುವಾಗ ಗಾಡಿಯನ್ನು ಸಾಮಾನ್ಯ ಪ್ಯಾಡಾಕ್ ಸ್ಟ್ಯಾಂಡಿನ (ಹಿಂದಿನ ಚಕ್ರ ಎತ್ತಲು ಗ್ಯಾರೇಜಿನಲ್ಲಿ ಬಳಸುವ ಸ್ಟ್ಯಾಂಡು) ಮೇಲೆ ನಿಲ್ಲಿಸಬಾರದು. ಆ ಸ್ಟ್ಯಾಂಡು ಸ್ವಿಂಗ್ ಆರ್ಮನ್ನೇ ಹಿಡಿದೆತ್ತುವುದರಿಂದ ಸ್ಪ್ರಿಂಗಿನ ಮೇಲಿನ ಭಾರ ಹಾಗೆಯೇ ಉಳಿದಿರುತ್ತದೆ. ಬೋಲ್ಟ್ ಕಳಚಿದ ಕ್ಷಣ ಗಾಡಿಯ ಹಿಂಭಾಗ ಧೊಪ್ಪನೆ ಕುಸಿಯುತ್ತದೆ. ಗಾಡಿಯ ಚೌಕಟ್ಟಿಗೆ ಆಧಾರ ಕೊಟ್ಟು, ಅಥವಾ ಮೇಲಿನ ಗಟ್ಟಿ ತೊಲೆಗೆ ಬೆಲ್ಟು ಕಟ್ಟಿ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ. ನಂತರ ಚಕ್ರದ ಕೆಳಗೆ ತೆಳುವಾದ ಹಲಗೆಗಳನ್ನು ಒಂದೊಂದಾಗಿ ತೂರಿಸುತ್ತ ಹೋದರೆ, ಒಂದು ಹಂತದಲ್ಲಿ ಲಿಂಕಿನ ಮೇಲೆ ಎಳೆತವೂ ಒತ್ತಡವೂ ಇಲ್ಲದ ಸ್ಥಿತಿ ಬರುತ್ತದೆ. ಆಗ ಬೋಲ್ಟು ಸುತ್ತಿಗೆಯ ಪೆಟ್ಟಿಲ್ಲದೆ ಬೆರಳಿನಿಂದಲೇ ಜಾರಿ ಬರುತ್ತದೆ. ಜಾರದಿದ್ದರೆ ಹಲಗೆ ಹೆಚ್ಚು ಕಡಿಮೆ ಮಾಡಿ, ಹೊಡೆಯಬೇಡಿ. ಲಿಂಕ್ ಹೊರಬಂದಾಗ ಸೂಜಿ ಬೇರಿಂಗುಗಳನ್ನು ಒರೆಸಿ ಹೊಸ ಗ್ರೀಸ್ ತುಂಬಿ, ಲಾಕ್ ನಟ್ಟುಗಳನ್ನು ಹೊಸದಾಗಿ ಹಾಕಿ, ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಕೊಟ್ಟಿರುವ ಅಳತೆಗೆ ಟಾರ್ಕ್ ವ್ರೆಂಚಿನಿಂದಲೇ (ಬಿಗಿಯುವ ಬಲವನ್ನು ಅಳೆದು ತೋರಿಸುವ ಪಾನ) ಬಿಗಿ ಮಾಡಿ.

ಶಾಕ್ ನೇರವಾಗಿ ಸೇರಿದ ಗಾಡಿಗಳಲ್ಲಿ ಉಳಿಯುವ ದಾರಿ ಎಂದರೆ ಆ ಮಾದರಿಗೆ ಸಿಗುವ ಗಿಡ್ಡ ಶಾಕ್, ಅಥವಾ ಇದೇ ಕೆಲಸದಲ್ಲಿ ಪಳಗಿದವರಿಂದ ಒಳಗೆ ಸ್ಪೇಸರ್ ಹಾಕಿಸಿ ಇರುವ ಶಾಕನ್ನೇ ಗಿಡ್ಡ ಮಾಡಿಸುವುದು. ಅನೇಕ ಶಾಕುಗಳಲ್ಲಿ ಒತ್ತಡದ ನೈಟ್ರೋಜನ್ ತುಂಬಿರುವುದರಿಂದ ಸಾಮಾನ್ಯ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಸ್ಪ್ರಿಂಗಿನ ಸುತ್ತು ಕತ್ತರಿಸುವುದು, ಸ್ವಿಂಗ್ ಆರ್ಮಿಗೆ ಪಟ್ಟಿ ವೆಲ್ಡ್ ಮಾಡುವುದು, ಇವೆರಡನ್ನೂ ಯಾವ ಕಾರಣಕ್ಕೂ ಮಾಡಿಸಬಾರದು.

ಹಿಂಭಾಗ ಮಾತ್ರ ತಗ್ಗಿಸಿ ಬಿಟ್ಟರೆ ಗಾಡಿ ಮೂಗು ಮೇಲೆತ್ತಿದಂತಾಗಿ ಹ್ಯಾಂಡಲ್ ಭಾರವಾಗುತ್ತದೆ, ತಿರುವಿನಲ್ಲಿ ಗಾಡಿ ಹೊರಕ್ಕೆ ಹೋಗಲು ನೋಡುತ್ತದೆ. ಮುಂಭಾಗ ಮಾತ್ರ ತಗ್ಗಿಸಿದರೆ ಇದಕ್ಕೆ ತದ್ವಿರುದ್ಧ: ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ನೆಟ್ಟಗಾಗಿ, ಟ್ರೇಲ್ (ಹ್ಯಾಂಡಲಿನ ತಿರುಗುಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರು ನೆಲಕ್ಕೆ ತಾಗುವ ಬಿಂದುವಿಗೂ ನಡುವಿನ ದೂರ) ಕಡಿಮೆಯಾಗಿ, ವೇಗದಲ್ಲಿ ಹ್ಯಾಂಡಲ್ ಅದುರುವ ಸಂಭವ ಹೆಚ್ಚುತ್ತದೆ. ಆರ್15ರ ಎರಡು ಚಕ್ರಗಳ ನಡುವಿನ ದೂರ 1,325 ಮಿ.ಮೀ. ಆದ್ದರಿಂದ ಒಂದೇ ತುದಿಯಲ್ಲಿ 23 ಮಿ.ಮೀ. ತಗ್ಗಿಸಿದರೆ ಫೋರ್ಕಿನ ಕೋನ ಸರಿಸುಮಾರು ಒಂದು ಡಿಗ್ರಿ ಬದಲಾಗುತ್ತದೆ. ಗಾಡಿಯ ನಡತೆ ಬದಲಾದದ್ದು ಕೈಗೆ ಗೊತ್ತಾಗಲು ಅಷ್ಟು ಸಾಕು. ಎರಡೂ ತುದಿಗಳನ್ನು ಸಮನಾಗಿ ತಗ್ಗಿಸಿದರೆ ಸೀಟೂ ಅಷ್ಟೇ ತಗ್ಗುತ್ತದೆ, ಕೋನವೂ ಉಳಿಯುತ್ತದೆ.

ಮುಂಭಾಗವನ್ನು ತಗ್ಗಿಸಲು ಏನನ್ನೂ ಕೊಳ್ಳಬೇಕಿಲ್ಲ. ಫೋರ್ಕಿನ ಕೊಳವೆಗಳನ್ನು ಅವುಗಳನ್ನು ಹಿಡಿದಿರುವ ಕ್ಲ್ಯಾಂಪುಗಳಲ್ಲಿ ಮೇಲಕ್ಕೆ ಸರಿಸಿದರಾಯಿತು. ಫೋರ್ಕ್ ಓರೆಯಾಗಿ ನಿಂತಿರುವುದರಿಂದ 25 ಮಿ.ಮೀ. ಸರಿಸಿದರೆ ಗಾಡಿ ತಗ್ಗುವುದು ಸುಮಾರು 23 ಮಿ.ಮೀ. ಎಂಬುದು ನೆನಪಿರಲಿ. ಎಂಜಿನ್ನಿನ ಕೆಳಗೆ, ಸೈಲೆನ್ಸರ್ ಪೈಪಿಗೂ ಆಯಿಲ್ ಫಿಲ್ಟರಿಗೂ ಭಾರ ಬೀಳದಂತೆ, ಜಾಕ್ ಇಟ್ಟು ಮುಂಭಾಗದ ಭಾರವನ್ನು ಅದರ ಮೇಲೆ ತನ್ನಿ. ಮೊದಲು ಕ್ಲಿಪ್-ಆನ್ ಹ್ಯಾಂಡಲುಗಳ (ಫೋರ್ಕಿನ ಕೊಳವೆಗಳಿಗೇ ಬಿಡಿಬಿಡಿಯಾಗಿ ಬಿಗಿದಿರುವ ಹ್ಯಾಂಡಲುಗಳು) ಬೋಲ್ಟು, ನಂತರ ಮೇಲಿನ ಕ್ಲ್ಯಾಂಪು, ಕೊನೆಗೆ ಕೆಳಗಿನ ಕ್ಲ್ಯಾಂಪು ಸಡಿಲಿಸಿ, ಜಾಕನ್ನು ನಿಧಾನವಾಗಿ ಇಳಿಸಿದರೆ ಕೊಳವೆಗಳು ತಾವೇ ಮೇಲೆ ಬರುತ್ತವೆ. ಎರಡೂ ಬದಿ ಎಷ್ಟು ಮೇಲೆ ಬಂದಿವೆ ಎಂಬುದನ್ನು ಕಣ್ಣಂದಾಜಿನಲ್ಲಿ ಬಿಡದೆ ವರ್ನಿಯರಿನಿಂದ ಅಳೆಯಿರಿ. ವ್ಯತ್ಯಾಸ ಅರ್ಧ ಮಿಲಿಮೀಟರಿನೊಳಗೆ ಇರಬೇಕು. ಕೆಳಗಿನ ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಕೊಳವೆ ಚಪ್ಪಟೆಗೊಂಡು ಫೋರ್ಕ್ ಸಿಕ್ಕಿಹಾಕಿಕೊಳ್ಳುವುದರಿಂದ ಇಲ್ಲಿಯೂ ಟಾರ್ಕ್ ವ್ರೆಂಚೇ ಬೇಕು. ಬಳಿಕ ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಹೋಸ್ ಎಳೆಯುತ್ತಿಲ್ಲ, ಹೆಬ್ಬೆರಳು ಟ್ಯಾಂಕಿಗೆ ಸಿಲುಕುತ್ತಿಲ್ಲ, ಎಂಜಿನ್ ಚಾಲೂ ಇದ್ದಾಗ ಹ್ಯಾಂಡಲ್ ತಿರುಗಿಸಿದರೆ ಆಕ್ಸಿಲರೇಟರ್ ತಾನಾಗಿ ಏರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಎಷ್ಟರವರೆಗೆ ತಗ್ಗಿಸಬಹುದೆಂದು ನಿರ್ಧರಿಸುವುದು ನಮ್ಮ ರಸ್ತೆಗಳು. ಧಾರವಾಡ ಮತ್ತು ಗದಗ ಜಿಲ್ಲೆಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕುಬಿಡುವ ಕಾರಣ, ಅದರ ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಅದನ್ನು ದಾಟುವುದು ತಗ್ಗಿಸಿದ ಗಾಡಿಗೂ ಕಷ್ಟವಲ್ಲ. ಕಷ್ಟವಾಗುವುದು ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಹಾಕಿರುವ ಕಿರಿದಾದ, ಕಡಿದಾದ ಹಂಪುಗಳಲ್ಲಿ, ಏಕೆಂದರೆ ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಏರದಿರುವಾಗ ಹಂಪಿನ ಅಷ್ಟೂ ಎತ್ತರ ಎರಡು ಚಕ್ರಗಳ ನಡುವೆ ಬರುತ್ತದೆ. ಆರ್15ರ ತಳಕ್ಕೂ ನೆಲಕ್ಕೂ ನಡುವೆ ಇರುವುದು 170 ಮಿ.ಮೀ.; 25 ತಗ್ಗಿಸಿದರೆ 145 ಉಳಿಯುತ್ತದೆ, ಸವಾರರ ಭಾರಕ್ಕೆ ಅದೂ ಕಡಿಮೆಯಾಗುತ್ತದೆ. ಆದ್ದರಿಂದ ನಮ್ಮ ಕಡೆ ಓಡಿಸುವವರು 25 ಮಿ.ಮೀ. ದಾಟಬಾರದೆಂಬುದು ನನ್ನ ದೃಢವಾದ ಸಲಹೆ.

ಗಾಡಿ ಪೂರ್ತಿ ಒತ್ತಿಕೊಂಡಾಗ ಚಕ್ರ ಎಲ್ಲಿಗಾದರೂ ತಾಗುತ್ತದೆಯೇ ಎಂಬುದನ್ನೂ ನೋಡಬೇಕು. ಲಿಂಕ್ ಬದಲಿಸಿದಾಗ ಶಾಕಿನ ಪೂರ್ತಿ ಓಟ (ಅದು ಒತ್ತಿಕೊಳ್ಳಬಲ್ಲ ದೂರ) ಉಳಿದೇ ಇರುವುದರಿಂದ ಹಿಂದಿನ ಟೈರು ಮೊದಲಿಗಿಂತ ಮೇಲಕ್ಕೆ ಬಂದು ಮಡ್‌ಗಾರ್ಡಿನ ಒಳಮೈಗೆ ಉಜ್ಜಬಹುದು. ಮುಂದಿನ ಮಡ್‌ಗಾರ್ಡು ಕೆಳಗಿನ ಕ್ಲ್ಯಾಂಪಿಗೋ ರೇಡಿಯೇಟರಿಗೋ ತಾಗಬಹುದು. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಸೀಲಿಗೆ ತಾಗಿಸಿಟ್ಟು, ಹುಬ್ಬಳ್ಳಿಯ ನವನಗರದ ಒಳರಸ್ತೆಗಳಂಥ ಕಡೆ ನಿಧಾನವಾಗಿ ಹಂಪು ದಾಟಿಸಿ ಬನ್ನಿ. ಅದು ಎಲ್ಲಿಗೆ ಸರಿದು ನಿಂತಿದೆ ಎಂಬುದರಿಂದ ಎಷ್ಟು ಓಟ ಬಳಕೆಯಾಯಿತೆಂದು ತಿಳಿಯುತ್ತದೆ. ಮಡ್‌ಗಾರ್ಡಿನ ಒಳಗೆ ಸೀಮೆಸುಣ್ಣ ಬಳಿದಿಟ್ಟರೆ ಟೈರು ಉಜ್ಜಿದ ಗುರುತೂ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದ ಗಬ್ಬೂರು–ನರೇಂದ್ರ ಬೈಪಾಸಿನ ವೇಗಕ್ಕೆ ಹೋಗುವುದು ಇದೆಲ್ಲ ಸರಿ ಕಂಡ ಮೇಲೆ.

ಸೈಡ್ ಸ್ಟ್ಯಾಂಡನ್ನು ಮರೆಯುವವರೇ ಹೆಚ್ಚು. ಗಾಡಿ ತಗ್ಗಿದಾಗ ಸ್ಟ್ಯಾಂಡು ಉದ್ದವಾಗಿ ಉಳಿದು ಗಾಡಿ ನೆಟ್ಟಗೆ ನಿಲ್ಲುತ್ತದೆ, ತುಸು ತಳ್ಳಿದರೂ ಬಲಕ್ಕೆ ಉರುಳುತ್ತದೆ. ತಗ್ಗಿಸುವ ಮೊದಲೇ ಮೊಬೈಲಿನ ಲೆವೆಲ್ ಆ್ಯಪಿನಿಂದ ಗಾಡಿ ಎಷ್ಟು ಡಿಗ್ರಿ ವಾಲಿ ನಿಲ್ಲುತ್ತದೆಂದು ಬರೆದಿಟ್ಟುಕೊಳ್ಳಿ. ಎಲ್ಲ ಕೆಲಸ ಮುಗಿದ ಮೇಲೆ ಸ್ಟ್ಯಾಂಡನ್ನು ಗಾಡಿಯಿಂದ ಬಿಚ್ಚಿ, ಗೋಕುಲ ರಸ್ತೆಯ ಕಡೆಯ ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಅದೇ ಕೋನ ಬರುವಷ್ಟು ನಡುವಿನಿಂದ ಕತ್ತರಿಸಿ ವೆಲ್ಡ್ ಮಾಡಿಸಿ. ಗಾಡಿಯಲ್ಲೇ ಇಟ್ಟು ವೆಲ್ಡ್ ಮಾಡಿದರೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಹಾಳಾಗುವ ಅಪಾಯವಿದೆ. ಸ್ವಿಂಗ್ ಆರ್ಮಿನ ಕೋನ ಬದಲಾದ್ದರಿಂದ ಚೈನಿನ ಸಡಿಲವನ್ನೂ ಹೊಸದಾಗಿ ಹೊಂದಿಸಬೇಕು: ಹಿಂಭಾಗವನ್ನು ಒತ್ತಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ತಿರುಗುಬಿಂದು ಮತ್ತು ಹಿಂದಿನ ಆಕ್ಸಲ್ ಒಂದೇ ಗೆರೆಯಲ್ಲಿ ಬಂದಾಗ ಚೈನು ಅತ್ಯಂತ ಬಿಗಿಯಾಗುತ್ತದೆ, ಆಗಲೂ ತುಸು ಸಡಿಲ ಉಳಿದಿರಬೇಕು. ಹೆಡ್‌ಲೈಟಿನ ಬೆಳಕು ಬೀಳುವ ಎತ್ತರವನ್ನು ಗೋಡೆಯ ಮುಂದೆ ನಿಲ್ಲಿಸಿ ಸರಿಪಡಿಸಿಕೊಳ್ಳಿ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು ನಿಷೇಧಿಸುತ್ತದೆ. ಪ್ರಿಲೋಡ್ ರಿಂಗು ತಯಾರಕರೇ ಕೊಟ್ಟ ಸೌಲಭ್ಯವಾದ್ದರಿಂದ ಅದಕ್ಕೆ ಇದು ಅಡ್ಡಿಯಲ್ಲ. ಲಿಂಕ್ ಅಥವಾ ಶಾಕ್ ಬದಲಿಸುವವರು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ವಾರಂಟಿ ಅವಧಿಯೊಳಗಿದ್ದರೆ ಷೋರೂಮಿನವರ ಮಾತನ್ನೂ ಕೇಳಿಕೊಂಡು ಮುಂದುವರಿಯಬೇಕು. ಬಿಚ್ಚಿದ ಮೂಲ ಲಿಂಕು, ಬೋಲ್ಟು, ಫೋರ್ಕಿನ ಮೂಲ ಅಳತೆ ಬರೆದ ಚೀಟಿ ಇವನ್ನೆಲ್ಲ ಒಂದೇ ಡಬ್ಬದಲ್ಲಿಡಿ. ಗಾಡಿ ಮಾರುವಾಗ ಕೊಳ್ಳುವವರಿಗೆ ಆ ಡಬ್ಬವನ್ನೂ ಕೊಡಿ, ಗಾಡಿ ತಗ್ಗಿಸಿದ್ದೆಂಬುದನ್ನೂ ಹೇಳಿ.