ಮ್ಯೂಸಿಯಮ್ಮಿಗೆ ಮನೆಯ ಸೀರೆ ಕೊಡುವ ಮುನ್ನ: ಬಾಗಲಕೋಟೆ ಕಡೆಯಿಂದ ಪರದೇಶಕ್ಕೆ ಬಂದ ಹೊಸಬರಿಗೆ

ಟಿಕೆಟ್ ಮಾತು ಮೊದಲು ಮುಗಿಸಿಬಿಡೋಣ. ಈಗಿರುವ ಊರಿನ ಲೈಬ್ರರಿ ಕಾರ್ಡ್ ಮಾಡಿಸಿ, ಅದರ ಮೇಲೆ ಆರ್ಟ್ ಮ್ಯೂಸಿಯಂ ಪಾಸ್ ಸಿಗುತ್ತದೆಯೇ ಕೇಳಿ. ಎಷ್ಟೋ ಕಡೆ ಪುಕ್ಕಟೆ ದಿನವೂ ಇರುತ್ತದೆ. ನಾವು ಎಡವುವುದು ಬೇರೆ ಕಡೆ. "ನಿಮ್ಮ ಸಮುದಾಯದ ಕಲೆ ತನ್ನಿ" ಎಂದು ಮ್ಯೂಸಿಯಮ್ಮಿನಿಂದ ಕರೆ ಬಂದದ್ದೇ ತಡ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಹಿಡಿದು ಓಡುತ್ತೇವೆ. ಮುಂದಿಟ್ಟ ಕಾಗದ ಓದುವುದಿಲ್ಲ.

ಅದು ದಾನಪತ್ರವೋ ಎರವಲು ಕರಾರೋ ನೋಡಿ. ದಾನಪತ್ರಕ್ಕೆ ಸಹಿ ಬಿತ್ತೆಂದರೆ ಸೀರೆ ನಿಮ್ಮದಲ್ಲ. ಗೋದಾಮಿನಲ್ಲಿಟ್ಟರೂ ಮುಂದೆ ವಿಲೇವಾರಿ ಮಾಡಿದರೂ ಕೇಳುವ ಹಕ್ಕಿಲ್ಲ. ಅವ್ವನ ಮದುವೆ ಸೀರೆಯಾದರೆ ಎರವಲೇ ಸರಿ. ಕರಾರಿನಲ್ಲಿ ವಾಪಸು ಕೊಡುವ ತಾರೀಖು ಇರಲಿ. ನಿಮ್ಮ ಮನೆ ಬಿಟ್ಟಾಗಿನಿಂದ ತಿರುಗಿ ಮನೆ ಸೇರುವವರೆಗೂ ವಿಮೆ ಇರಲಿ. ಸೀರೆಯ ಮೇಲಿನ ಕಲೆ, ತೂತುಗಳ ಫೋಟೊ ಅವರೂ ತೆಗೆಯುತ್ತಾರೆ, ನೀವೂ ತೆಗೆದಿಟ್ಟುಕೊಳ್ಳಿ. ಇದರ ಬೆಲೆ ಎಷ್ಟಾಗಬಹುದು ಎಂದು ಅವರನ್ನು ಕೇಳಬೇಡಿ, ಸಾಮಾನ್ಯವಾಗಿ ಬೆಲೆ ಕಟ್ಟುವ ಕೆಲಸ ಮ್ಯೂಸಿಯಂ ಮಾಡುವುದಿಲ್ಲ.

ಕೊಡುವ ಮುನ್ನ ಒಗೆತ, ಇಸ್ತ್ರಿ, ಡಾಂಬರ ಗುಳಿಗೆ ಮೂರೂ ಬೇಡ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸೆರಗನ್ನು ಮೇಲೆ ಮಾಡಿ ತೂಗುಹಾಕಿದರೆ ಇಡೀ ಒಡಲಿನ ಭಾರ ಆ ಕೊಂಡಿಯ ಸಾಲಿಗೇ ಬೀಳುತ್ತದೆ, ಹಳೆಯ ನೂಲು ಅಲ್ಲೇ ಬಿಡುತ್ತದೆ. ಇದನ್ನು ಬಾಯಿಬಿಟ್ಟು ಹೇಳಿ. ಪರಸ್ಥಳದ ಜವಳಿ ತಜ್ಞರಿಗೂ ತಿಳಿದಿರಬೇಕೆಂದಿಲ್ಲ. ಹುಳದ ಭಯಕ್ಕೆ ಮ್ಯೂಸಿಯಂನವರು ಸೀರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಮೈನಸ್ 20 ಡಿಗ್ರಿಯಲ್ಲಿ ವಾರವೋ ಎರಡು ವಾರವೋ ಇಡಬಹುದು, ಗಾಬರಿ ಬೇಡ. ಹೊರತೆಗೆದ ಕೂಡಲೇ ಚೀಲ ಬಿಚ್ಚಿದರೆ ಮಾತ್ರ ಪಸೆ ಕೂತು ಕೆಂಪು ಸೆರಗು ಬಣ್ಣ ಬಿಟ್ಟೀತು. ಬೆಳಕು ಮಂದವಾಯಿತೆಂದು ದೂರಬೇಡಿ, ಜವಳಿಗೆ ಸಾಮಾನ್ಯವಾಗಿ ಬೆಳಕಿನ ಅಳತೆಯಲ್ಲಿ 50 ಲಕ್ಸ್‌ಗಿಂತ ಹೆಚ್ಚು ಹಾಕುವುದಿಲ್ಲ.

ಲೇಬಲ್ ಮೇಲೆ ಬರೀ "ಭಾರತೀಯ ಸೀರೆ" ಎಂದರೆ ಒಪ್ಪಬೇಡಿ. ಇಳಕಲ್, ಬಾಗಲಕೋಟೆ ಜಿಲ್ಲೆ ಎಂದು ಬರೆಸಿ, ಕನ್ನಡದಲ್ಲೂ ಹಾಕಿಸಿ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಬರೀ ಚಿತ್ತಾರ ಕಾಣುತ್ತದೆ. ಯೂನಿಕೋಡ್ ಆಗಲಿ, ಜೊತೆಗೊಂದು ಪಿಡಿಎಫ್ ಇರಲಿ. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಹಾಕದಿದ್ದರೆ "ಗುಳೇದಗುಡ್ಡ" ಹೋಗಿ "ಗುಳೇದಗುಡ್‌ಡ" ಆಗುತ್ತದೆ. ಅಚ್ಚಿಗೆ ಮೊದಲು ಪ್ರೂಫ್ ಕೇಳಿ, ಒತ್ತಕ್ಷರ ಒಂದೊಂದೇ ನೋಡಿ.

ಇನ್ನು ಊರಿಂದ ತರುವವರಿಗೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಮೂರ್ತಿ, ಹಿತ್ತಾಳೆ ವಿಗ್ರಹಗಳನ್ನೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನೂ ದೇಶದಾಚೆ ಒಯ್ಯುವಂತಿಲ್ಲ. ಜಗಲಿಯ ಮೇಲಿನ ಅಜ್ಜನ ಕಾಲದ ವಚನದ ಕಟ್ಟು ಅಲ್ಲೇ ಇರಲಿ. ಹೊಸ ಸೀರೆಯಾದರೆ ಅಂಗಡಿಯ ರಸೀದಿ ಜೋಪಾನ ಮಾಡಿ. ಇದು ಎಲ್ಲಿಂದ ಬಂತು ಎಂದು ಮ್ಯೂಸಿಯಂನವರು ಕೇಳಿಯೇ ಕೇಳುತ್ತಾರೆ.