ಗೋಡೆಯ ಕಡೆಗಿದ್ದ ಬಿರುಕು: ಹಳೆಯ ಮನೆಯ ಹೊರಪೈಪನ್ನು ಬದಲಿಸಿದ ನನ್ನ ಅನುಭವ

ಮಹಡಿಯ ಶೌಚಾಲಯದಿಂದ ಹೊರಗೋಡೆಗೆ ಅಂಟಿಕೊಂಡಂತೆ ಇಳಿದು ನೆಲದಡಿಯ ಚೇಂಬರನ್ನು ಸೇರುವ ಬೀಡುಕಬ್ಬಿಣದ ಪೈಪು ನಮ್ಮ ಮನೆಯಷ್ಟೇ ಹಳೆಯದು. ಮೊಣಕಾಲೆತ್ತರದಲ್ಲಿ ಅದರ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಗೀರೊಂದು ಕಾಣಿಸಿಕೊಂಡು ಅಲ್ಲಿಂದ ಕಂದು ನೀರು ಒಸರತೊಡಗಿದಾಗ, ನಾನೂ ಎಲ್ಲರಂತೆ ಎಪಾಕ್ಸಿ ಪುಟ್ಟಿಯನ್ನು ಕಲಸಿ ಮೆತ್ತಿದೆ. ಅದು ಹದಿನೈದು ದಿನ ನಿಂತಿತು. ಎರಡನೆಯ ಬಾರಿ ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ಪೈಪಿನ ಸುತ್ತ ಬಿಗಿಯಾಗಿ ಸುತ್ತಿ, ಮೇಲೊಂದು ಕೆಳಗೊಂದು ಕ್ಲಿಪ್ಪು ಹಾಕಿದೆ. ಗೀರು ಒಣಗಿತು, ಆದರೆ ಹಿಂದಿನ ಗೋಡೆಯ ತೇವ ಆರಲಿಲ್ಲ.

ಆಗ ಹೊಳೆದದ್ದು ಕೈಗನ್ನಡಿಯ ಉಪಾಯ. ಪೈಪಿಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟಿದ್ದ ಸಂದಿಯಲ್ಲಿ ಕನ್ನಡಿಯನ್ನು ತೂರಿಸಿ ಟಾರ್ಚು ಬಿಟ್ಟು ನೋಡಿದರೆ, ನನ್ನ ಕಣ್ಣಿಗೆ ಬಿದ್ದಿದ್ದ ಗೀರು ನಿಜವಾದ ಬಿರುಕಿನ ಬಾಲ ಮಾತ್ರವಾಗಿತ್ತು. ಬಿರುಕು ಹಿಂಬದಿಯಲ್ಲಿ ಒಂದೂವರೆ ಗೇಣು ಉದ್ದಕ್ಕೆ ಬಾಯಿ ಬಿಟ್ಟಿತ್ತು, ಅದರ ಅಂಚಿನಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು. ಬಣ್ಣ ಬಳಿಯುವವರ ಕುಂಚ ಪೈಪಿನ ಮುಂಭಾಗಕ್ಕೆ ಪ್ರತಿ ಸಲವೂ ತಾಗುತ್ತದೆ, ಗೋಡೆಯ ಕಡೆಗೆ ಒಮ್ಮೆಯೂ ತಾಗುವುದಿಲ್ಲ. ಮಳೆಯ ನೀರು ನಿಂತು ನಿಧಾನವಾಗಿ ಆರುವುದೂ ಅಲ್ಲಿಯೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ, ಒಮ್ಮೆ ಸಂದಿನೊಳಗೆ ಹೊಕ್ಕರೆ ಬೆಣೆ ಹೊಡೆದಂತೆ ಅದನ್ನು ಅಗಲಿಸುತ್ತಲೇ ಹೋಗುತ್ತದೆ. ಇಂಥ ಬಿರುಕಿಗೆ ಹೊರಗಿನಿಂದ ಏನನ್ನು ಮೆತ್ತಿದರೂ ಅದು ಕೆಲವು ದಿನಗಳ ಮಾತು.

ತುಕ್ಕು ಎಲ್ಲ ಕಡೆಯೂ ಇದ್ದರೂ ಬಿರುಕು ಕೆಳಗಿನ ತುಂಡಿಗೇ ಏಕೆ ಬಂತು ಎಂಬ ಪ್ರಶ್ನೆ ಉಳಿದಿತ್ತು. ಏಣಿ ಹತ್ತಿ, ಪೈಪನ್ನು ಗೋಡೆಗೆ ಹಿಡಿದಿಡುವ ಕ್ಲಾಂಪುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದಾಗ ಅದಕ್ಕೂ ಉತ್ತರ ಸಿಕ್ಕಿತು. ಮೂರರಲ್ಲಿ ಎರಡರ ಮೊಳೆಗಳು ಗೋಡೆಯೊಳಗೇ ಕರಗಿಹೋಗಿದ್ದು, ಕ್ಲಾಂಪುಗಳು ಹೆಸರಿಗೆ ಮಾತ್ರ ಉಳಿದಿದ್ದವು. ಆರಡಿ ಉದ್ದದ ನಾಲ್ಕಿಂಚಿನ ಬೀಡುಕಬ್ಬಿಣದ ಒಂದು ತುಂಡೇ 20 ಕಿಲೋಗಿಂತ ಹೆಚ್ಚು ತೂಗುತ್ತದೆ, ಮೇಲಿನ ತುಂಡುಗಳ ಭಾರವೆಲ್ಲ ಕೆಳಗಿನದರ ಮೇಲೆ ಕುಳಿತಿತ್ತು. ಸಾಲದ್ದಕ್ಕೆ, ಕೆಲವು ವರ್ಷಗಳ ಹಿಂದೆ ಮನೆಯ ಸುತ್ತ ಕಾಂಕ್ರೀಟು ಹಾಕಿಸಿದಾಗ ಪೈಪಿನ ಬುಡವನ್ನೂ ಸೇರಿಸಿ ಗಟ್ಟಿಯಾಗಿ ಕಟ್ಟಿಬಿಟ್ಟಿದ್ದರು. ಅತ್ತ ಇತ್ತ ಕದಲಲು ಕೂದಲೆಳೆಯಷ್ಟೂ ಎಡೆಯಿರಲಿಲ್ಲ. ಹಾಗೆ ಹಾಕಿಸಿದವನು ನಾನೇ ಆದ್ದರಿಂದ ದೂರಲು ಬೇರೆ ಯಾರೂ ಇರಲಿಲ್ಲ.

ಇಡೀ ಪೈಪನ್ನು ಕಿತ್ತುಹಾಕಬೇಕೆಂದು ಮೊದಲು ಅನ್ನಿಸಿತ್ತು. ಆದರೆ ಸಣ್ಣ ಸುತ್ತಿಗೆಯಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬಂದಾಗ ಮೇಲಿನ ತುಂಡುಗಳು ಗಂಟೆಯಂತೆ ಠಣ್ ಎಂದವು, ಕೆಳಗಿನದು ಒಡೆದ ಮಡಕೆಯಂತೆ ಬೊದ್ದು ದನಿ ಕೊಟ್ಟಿತು. ಮೇಲ್ಛಾವಣಿಗಿಂತ ಎತ್ತರಕ್ಕೆ ಹೋಗುವ ಗಾಳಿಯ ಭಾಗವೂ ಗಟ್ಟಿಯಾಗಿಯೇ ಇತ್ತು. ಆದ್ದರಿಂದ ಕೆಳಗಿನ ಸುಮಾರು 3 ಮೀಟರನ್ನು ಮಾತ್ರ ಪಿವಿಸಿಗೆ ಬದಲಿಸಿ, ಉಳಿದದ್ದನ್ನು ಹೊಸ ಕ್ಲಾಂಪುಗಳ ಮೇಲೆ ನಿಲ್ಲಿಸಲು ತೀರ್ಮಾನಿಸಿದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಮನೆಗಳಲ್ಲಿ ಬೂದು ಬಣ್ಣದ, ಸಿಮೆಂಟಿನಂತೆ ಕಾಣುವ ಪೈಪುಗಳಿದ್ದರೆ ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯುಂಟು. ಅದು ಇದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ನನ್ನದು ಅಂಥ ಪೈಪಾಗಿದ್ದರೆ ಗರಗಸ ಮುಟ್ಟದೆ, ಆ ಕೆಲಸ ಬಲ್ಲವರಿಗೇ ಬಿಡುತ್ತಿದ್ದೆ.

ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಕತ್ತರಿಸುವುದಕ್ಕಲ್ಲ, ಕತ್ತರಿಸುವ ಮುನ್ನ ಮೇಲಿನ ಭಾರವನ್ನು ಹಿಡಿದು ನಿಲ್ಲಿಸುವುದಕ್ಕೆ. ಉಳಿಸಿಕೊಳ್ಳುವ ತುಂಡಿನ ಸಾಕೆಟ್ಟಿನ (ಇನ್ನೊಂದು ಪೈಪು ಬಂದು ಕೂರುವ ಅಗಲ ಬಾಯಿಯ) ಕೆಳಗೇ, ಅದರ ಉಬ್ಬು ಬಂದು ಕೂರುವಂತೆ, ಒಂದು ದಪ್ಪ ಕ್ಲಾಂಪನ್ನು ಇಟ್ಟಿಗೆಯೊಳಗೆ ಆಂಕರ್ ಬೋಲ್ಟುಗಳಿಂದ ಬಿಗಿದು, ಮೇಲೆ ಇನ್ನೆರಡು ಕ್ಲಾಂಪುಗಳನ್ನು ಹಾಕಿದೆ. ಈ ಹಳೆಯ ಜೋಡಣೆಗಳಲ್ಲಿ ಸೆಣಬಿನ ಹುರಿಯನ್ನು ತುರುಕಿ ಮೇಲೆ ಕರಗಿದ ಸೀಸವನ್ನು ಹೊಯ್ದಿರುತ್ತಾರೆ. ಭಾರ ಜಾರಿದರೆ ಆ ಸೀಸ ಹಿಡಿದು ನಿಲ್ಲಿಸುತ್ತದೆಂಬ ನಂಬಿಕೆ ಬೇಡ. ಸೀಸವನ್ನು ಬೆಂಕಿಯಿಂದ ಕರಗಿಸಿ ತೆಗೆಯುವ ಗೋಜಿಗೂ ನಾನು ಹೋಗಲಿಲ್ಲ, ಏಕೆಂದರೆ ಅದರ ಹೊಗೆ ವಿಷಕಾರಿ. ಜೋಡಣೆಯನ್ನು ಮುಟ್ಟದೆ ಅದರ ಕೆಳಗಿನ ನೇರ ಭಾಗವನ್ನೇ ಕತ್ತರಿಸಿದೆ.

ಬುಡದ ಕಾಂಕ್ರೀಟನ್ನು ಉಳಿಯಿಂದ ಒಡೆದು, ನೆಲದ ಬಳಿ ಪೈಪು ಬಾಗುವ ತಿರುವಿನ ಮೇಲೆ ಒಂದು ಗೇಣು ನೇರ ಪೈಪನ್ನು ಉಳಿಸಿಕೊಂಡು ಅಲ್ಲೊಂದು ಗುರುತು ಹಾಕಿದೆ. ಕಾಗದದ ಪಟ್ಟಿಯನ್ನು ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಗೆರೆ ಎಳೆದರೆ ಕತ್ತರಿಸುವ ಗೆರೆ ಸೊಟ್ಟಗಾಗುವುದಿಲ್ಲ. ಮಹಡಿಯ ನೀರಿನ ವಾಲ್ವನ್ನು ಮುಚ್ಚಿ, ಶೌಚಾಲಯದ ಬಾಗಿಲಿಗೆ ಚೀಟಿ ಅಂಟಿಸಿಯೇ ಗ್ರೈಂಡರ್ ಹಿಡಿದಿದ್ದೆ. ಎರಡೂ ಕಡೆ ಕತ್ತರಿಸಿ ತಮ್ಮನೊಡನೆ ಒಡೆದ ತುಂಡನ್ನು ಇಳಿಸುತ್ತಿರುವಾಗ ಮೇಲಿನಿಂದ ಗುಳುಗುಳು ಸದ್ದು ಕೇಳಿಸಿತು. "ಅಣ್ಣಾ, ಆಚೆ ಸರಿ!" ಎಂದು ಕೂಗಿದವನೇ ಅವನು ಪಕ್ಕಕ್ಕೆ ಜಿಗಿದ. ನಾನು ಜಿಗಿಯುವಷ್ಟರಲ್ಲಿ ತಡವಾಗಿತ್ತು. ವಾಲ್ವನ್ನು ಮುಚ್ಚಿದ್ದರೂ ಫ್ಲಷ್ ತೊಟ್ಟಿಯಲ್ಲಿ ಒಂದು ಸಲಕ್ಕಾಗುವಷ್ಟು ನೀರು ಉಳಿದಿರುತ್ತದೆ, ಅದನ್ನು ನಾನೇ ಮೊದಲು ಖಾಲಿ ಮಾಡಬೇಕಾಗಿತ್ತು.

ಸ್ನಾನ ಮಾಡಿ ಬಂದು, ಕೆಳಗಿನ ಬಾಯಿಗೆ ಬಟ್ಟೆ ತುರುಕಿ, ಕತ್ತರಿಸಿದ ಅಂಚುಗಳನ್ನು ಅರದಿಂದ ತಿಕ್ಕಿದೆ. ಹೊಸ ಪೈಪಿಗೂ ಹಳೆಯದಕ್ಕೂ ಹೊಂದಿಕೆಯಾಗುತ್ತದೆಯೇ ಎಂಬುದನ್ನು ನೋಡಲು ಹಳೆಯದರ ಸುತ್ತ ದಾರ ಸುತ್ತಿ ಅಳೆದಾಗ 352 ಮಿಲಿಮೀಟರ್ ಬಂತು. ಅದನ್ನು 3.14ರಿಂದ ಭಾಗಿಸಿದರೆ ಹೊರವ್ಯಾಸ 112. ನನ್ನ ಪಿವಿಸಿಯದು 110. ಇಷ್ಟು ಕಡಿಮೆ ವ್ಯತ್ಯಾಸವನ್ನು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳುಳ್ಳ ರಬ್ಬರ್ ಕಪ್ಲಿಂಗು, ಅಂದರೆ ಎರಡು ಪೈಪುಗಳ ತುದಿಗಳನ್ನು ಕೂಡಿಸುವ ಕೊಳವೆ, ಸುಲಭವಾಗಿ ಹೊಂದಿಸಿಕೊಳ್ಳುತ್ತದೆ. ಪಿವಿಸಿಯನ್ನು ಕೂಡಿಸುವ ಸಾಲ್ವೆಂಟ್ ಸಿಮೆಂಟ್ ಕಬ್ಬಿಣಕ್ಕೆ ಹಿಡಿಯುವುದಿಲ್ಲ, ಗಾರೆ ತುಂಬಿದರೆ ಹಿಂದಿನ ಬಿಗಿತವೇ ಮರಳಿ ಬರುತ್ತದೆ. ಹೀಗಾಗಿ ಮೇಲೂ ಕೆಳಗೂ ರಬ್ಬರ್ ಕಪ್ಲಿಂಗನ್ನೇ ಬಳಸಿದೆ. ಅವನ್ನು ಮೊದಲೇ ಹಳೆಯ ತುದಿಗಳ ಮೇಲೆ ಪೂರ್ತಿಯಾಗಿ ಸರಿಸಿಟ್ಟುಕೊಂಡು, ಹೊಸ ಪೈಪು ನಡುವೆ ಬಂದು ಕೂತ ಮೇಲೆ ಅರ್ಧಕ್ಕೆ ಎಳೆದು ಬಿಗಿಯಬೇಕು.

ನೆಲಮಹಡಿಯ ಬಚ್ಚಲಿನ ಪೈಪು ಬಂದು ಸೇರುವ ಟೀಯನ್ನು (T ಆಕಾರದ ಕವಲು ತುಂಡನ್ನು) ಸಾಲ್ವೆಂಟ್ ಸಿಮೆಂಟಿನಿಂದ ಕೂಡಿಸಿದೆ. ಅದು ಅಂಟಲ್ಲ, ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುವ ದ್ರಾವಣ. ಹಚ್ಚಿದ ಮೇಲೆ ತಡವರಿಸದೆ, ಸ್ವಲ್ಪ ತಿರುಗಿಸುತ್ತ ಒತ್ತಿ ಹಿಡಿಯಬೇಕು. ಬಚ್ಚಲಿನ ಕಡೆಯ ತಿರುವಿನ ದಿಕ್ಕನ್ನು ಒಣ ಜೋಡಣೆಯಲ್ಲಿಯೇ ನೋಡಿ ಪೆನ್ಸಿಲಿನಿಂದ ಗೆರೆ ಹಾಕಿಕೊಂಡಿದ್ದರಿಂದ ಬಚಾವಾದೆ.

ಟೀಗಿಂತ ಮೇಲಿನ ಜೋಡಣೆಗೆ ರಬ್ಬರ್ ರಿಂಗಿನ ಸಾಕೆಟ್ಟನ್ನು ಬೇಕೆಂದೇ ಆರಿಸಿದೆ. ಬಿಸಿಲಿಗೆ ಪಿವಿಸಿ ಕಬ್ಬಿಣಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. 3 ಮೀಟರ್ ಉದ್ದದ ಪೈಪಿನ ಉಷ್ಣಾಂಶ 30 ಡಿಗ್ರಿ ಏರಿದರೆ ಅದು ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಪೈಪಿನ ತುದಿಯನ್ನು ಅರದಿಂದ ಓರೆಯಾಗಿ ಸವೆಸಿ, ಸೋಪಿನ ನೀರು ಸವರಿ, ಪೂರ್ತಿ ಒಳಗೆ ತಳ್ಳಿ ಗುರುತು ಹಾಕಿ, ಮತ್ತೆ 10 ಮಿಲಿಮೀಟರ್ ಹೊರಕ್ಕೆ ಎಳೆದರೆ ಆ ಬೆಳವಣಿಗೆಗೆ ಜಾಗ ದೊರೆಯುತ್ತದೆ. ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸವರಬಾರದು, ರಬ್ಬರ್ ಊದಿಕೊಳ್ಳುತ್ತದೆ. ಸಾಕೆಟ್ಟಿನ ಬಾಯಿ ಯಾವಾಗಲೂ ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ಹರಿದು ಬರುವ ನೀರು ಜೋಡಣೆಯ ಸಂದಿಗೇ ಬಡಿಯುತ್ತದೆ. ಪಿವಿಸಿಯ ಕ್ಲಾಂಪುಗಳಲ್ಲಿ ಸಾಕೆಟ್ಟಿನ ಬಳಿಯದನ್ನು ಮಾತ್ರ ಬಿಗಿಯಾಗಿ ಹಾಕಿ, ಉಳಿದದ್ದನ್ನು ಪೈಪು ಜಾರುವಷ್ಟು ಸಡಿಲ ಬಿಟ್ಟೆ.

ಮರುದಿನ ಬೆಳಿಗ್ಗೆ ಎಲ್ಲ ಜೋಡಣೆಗಳನ್ನೂ ಒಣಬಟ್ಟೆಯಿಂದ ಒರೆಸಿ, ಸುತ್ತ ಸೀಮೆಸುಣ್ಣದ ಪುಡಿಯನ್ನು ಹಚ್ಚಿದೆ. ತಮ್ಮ ಮೇಲಿನಿಂದ ಒಂದರ ಹಿಂದೊಂದು ನಾಲ್ಕು ಬಕೆಟ್ ನೀರು ಸುರಿದ. ಒಂದು ಹನಿ ಒಸರಿದರೂ ಬಿಳಿಯ ಪುಡಿ ಕಪ್ಪಾಗುತ್ತದೆ. ಕೆಳಗಿನ ಕಪ್ಲಿಂಗಿನ ಹಿಂಬದಿಯಲ್ಲಿ, ಮತ್ತೆ ಅದೇ ಗೋಡೆಯ ಕಡೆಗೆ, ಉಗುರಿನಷ್ಟು ಕಲೆ ಮೂಡಿದ್ದು ಕನ್ನಡಿಯಲ್ಲಿ ಕಾಣಿಸಿತು. ಪಟ್ಟಿಯ ತಿರುಪನ್ನು ಇನ್ನೊಂದು ಸುತ್ತು ಬಿಗಿದು, ಒರೆಸಿ, ಹೊಸದಾಗಿ ಪುಡಿ ಹಚ್ಚಿ ಮತ್ತೆ ಸುರಿಸಿದಾಗ ಅದು ಬಿಳಿಯಾಗಿಯೇ ಉಳಿಯಿತು.

ಬುಡದಲ್ಲಿ ಈ ಬಾರಿ ಪೈಪಿನ ಸುತ್ತ ಒಂದು ಬೆರಳಿನಷ್ಟು ಅಂತರ ಬಿಟ್ಟು ಕಾಂಕ್ರೀಟು ಹಾಕಿದೆ. ಆ ಅಂತರಕ್ಕೆ ಮೊದಲು ಫೋಮಿನ ಪಟ್ಟಿ ತುಂಬಿ, ಮೇಲೆ ಬಾಗುವ ಸೀಲೆಂಟನ್ನು ಎಳೆದೆ. ಬಿಸಿಲು ಪಿವಿಸಿಯನ್ನು ಪೆಡಸಾಗಿಸುವುದರಿಂದ ಪೈಪಿಗೆ ನೀರಿನಲ್ಲಿ ಕಲಸುವ ತಿಳಿಬಣ್ಣದ ಪೇಂಟು ಬಳಿದೆ. ಗೋಡೆಯ ಕಡೆಗೆ ಬಳಿಯಲು ಕೋಲಿನ ತುದಿಗೆ ಸ್ಪಂಜು ಕಟ್ಟಿಕೊಳ್ಳಬೇಕಾಯಿತು. ಒದ್ದೆ ಹೀರಿದ್ದ ಹಳೆಯ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ ಹಾಗೆಯೇ ತೆರೆದು ಬಿಟ್ಟಿದ್ದೇನೆ. ಎರಡು ತಿಂಗಳಾದರೂ ಕೆಳಗಿನ ಎರಡು ಸಾಲು ಇಟ್ಟಿಗೆಗಳ ಬಣ್ಣ ಇನ್ನೂ ಗಾಢವಾಗಿದೆ. ಅವು ಉಳಿದವುಗಳಂತೆ ತಿಳಿಯಾದ ಮೇಲೆಯೇ ಹೊಸ ಗಾರೆ.